ಮೊದಲು ಫರಸಿ ನೋಡಿ, ಆಮೇಲೆ ಗೋಡೆ

ನಮ್ಮ ಮನೆಗೆ ಬಣ್ಣ ಹಚ್ಚಿಸಿದ ಮೇಲೆ ಬಂದವರೆಲ್ಲ ಕೇಳುವುದು ಒಂದೇ. "ಈ ಪಡಸಾಲಿ ಬಣ್ಣದ ನಂಬರ್ ಕೊಡ್ರಿ." ಕೊಡುತ್ತೇನೆ. ಆದರೆ ಕೊಡುವ ಮೊದಲು ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯ ನೆಲ ಯಾವುದು? ಟೈಲ್ಸಾ, ಗ್ರಾನೈಟಾ, ಕೆಂಪು ಆಕ್ಸೈಡಾ, ಫರಸಿನಾ (ಕಲ್ಲಿನ ಚಪ್ಪಡಿ)? ಅದರ ಬಣ್ಣ ಏನು?

ಎಷ್ಟೋ ಜನ ಇಲ್ಲಿ ತಡವರಿಸುತ್ತಾರೆ. ದಿನಾ ತುಳಿಯುವ ನೆಲವನ್ನು ಬಣ್ಣ ಅಂತ ಯಾರೂ ನೋಡಿರುವುದಿಲ್ಲ. ಗೋಡೆಗೆ ಕೆಲವು ವರ್ಷಕ್ಕೊಮ್ಮೆ ಹೊಸ ಬಣ್ಣ ಬರುತ್ತದೆ. ನೆಲ, ಬಾಗಿಲು, ಕಿಟಕಿ ಹಾಗೇ ಇರುತ್ತವೆ. ಬದಲಾಗದೇ ಇರುವುದನ್ನು ಮೊದಲು ನೋಡಬೇಕು. ಬದಲಾಗುವುದನ್ನು ಅದಕ್ಕೆ ಹೊಂದಿಸಬೇಕು. ಶೇಡ್ ಕಾರ್ಡ್ ಮುಂದೆ ಇಟ್ಟುಕೊಂಡು ಕೂತರೆ ಈ ಕೆಲಸ ಉಲ್ಟಾ ಆಗುತ್ತದೆ. ಕಾರ್ಡಿನಲ್ಲಿ ಚಂದ ಕಂಡ ಚೌಕ ಮನೆಗೆ ಬಂದ ಮೇಲೆ ಬೇರೆಯೇ ಆಗಿಬಿಡುತ್ತದೆ.

ನಮ್ಮದು ಧಾರವಾಡದಲ್ಲಿ ಹಳೆಯ ಮನೆ. ಮಾವನವರ ತಂದೆ ಕಟ್ಟಿಸಿದ್ದು. ಮೇಲೆ ಮಂಗಳೂರು ಹಂಚು, ಸಾಗವಾನಿ ತೊಲೆ, ಸಾಗವಾನಿ ಕದ. ಕೆಳಗೆ ಪೂರ್ತಿ ಶಹಾಬಾದ ಫರಸಿ. ಕಲಬುರಗಿ ಜಿಲ್ಲೆಯ ಶಹಾಬಾದದ ಕಡೆಯಿಂದ ಬರುವ ಸುಣ್ಣದ ಕಲ್ಲು ಇದು. ನಮ್ಮ ಕಡೆ ಹಳೆಯ ಮನೆ, ಶಾಲೆ, ಗುಡಿ, ಎಲ್ಲಿ ನೋಡಿದರೂ ಇದೇ ಕಲ್ಲು. ಕೇಳಿದರೆ ಎಲ್ಲರೂ "ಬೂದು ಬಣ್ಣ" ಅನ್ನುತ್ತಾರೆ. ಒಂದು ಬಿಳಿ ಹಾಳೆಯನ್ನು ಫರಸಿ ಮೇಲೆ ಇಟ್ಟು ನೋಡಿ. ಆಗ ಕಾಣುತ್ತದೆ, ಒಂದು ಕಲ್ಲು ನೀಲಿ ಕಡೆ ವಾಲಿದ ಬೂದು, ಇನ್ನೊಂದು ಸ್ವಲ್ಪ ಹಸಿರು, ಮತ್ತೊಂದರಲ್ಲಿ ಹಳದಿ ಛಾಯೆ. ನಮ್ಮ ಪಡಸಾಲೆಯದು ನೀಲಿ ಬೂದು. ಅಡಿಗೆಮನೆಯದು ಹಳದಿ ಕಡೆ. ಒಂದೇ ಮನೆ, ಒಂದೇ ಊರಿನ ಕಲ್ಲು, ಆದರೂ ಬೇರೆ ಬೇರೆ.

ಈಗ ಎಲ್ಲೆಲ್ಲೂ ತಿಳಿ ಬೂದು ಗೋಡೆಯ ಫ್ಯಾಷನ್ ಇದೆ. ನಮ್ಮ ಪೇಂಟರ್ ಕೂಡ ಮೊದಲು ಅದನ್ನೇ ತೋರಿಸಿದರು. ಬಿಳಿ ಟೈಲ್ಸ್ ಇರುವ, ದೊಡ್ಡ ಕಿಟಕಿ ಇರುವ ಫ್ಲಾಟಿಗೆ ಅದು ಚಂದವೇ. ನಮ್ಮ ನೀಲಿ ಬೂದು ಫರಸಿ ಮೇಲೆ ಅದೇ ಬೂದು ಗೋಡೆ ನಿಂತರೆ ಕೋಣೆ ಸಪ್ಪೆಯಾಗುತ್ತದೆ. ಕೆಳಗಿನ ತಂಪು ಬಣ್ಣಕ್ಕೆ ಮೇಲೆ ಸ್ವಲ್ಪ ಬೆಚ್ಚಗಿನ ಬಣ್ಣ ಬೇಕು. ಹಾಗಾಗಿ ಕೆನೆ ಬಣ್ಣದಿಂದ ತಿಳಿ ಗೋದಿ ಬಣ್ಣದ ತನಕ ಇರುವ ಶೇಡುಗಳನ್ನು ಮಾತ್ರ ಇಟ್ಟುಕೊಂಡು, ಉಳಿದ ಕಾರ್ಡುಗಳನ್ನು ಪೇಂಟರಿಗೆ ವಾಪಸ್ ಕೊಟ್ಟೆ. ಸಾವಿರಾರು ಬಣ್ಣ ಹತ್ತಾರಕ್ಕೆ ಇಳಿದದ್ದು ಫರಸಿಯಿಂದ.

ಈ ಅಭ್ಯಾಸ ನನಗೆ ತವರಿನಿಂದ ಬಂದದ್ದು. ನನ್ನ ತವರು ಗದಗ-ಬೆಟಗೇರಿ. ಅಪ್ಪನದು ಸೀರೆ ಅಂಗಡಿ. ನಾನು ಅಲ್ಲಿ ಗಾದಿಯ ಮೇಲೆ ಕೂತು ಬೆಳೆದವಳು. ಅಂಗಡಿಯಲ್ಲಿ ಟ್ಯೂಬ್‌ಲೈಟ್. ಗಿರಾಕಿಗಳು ಸೀರೆ ಆರಿಸಿದ ಮೇಲೆ ಅದನ್ನು ಹಿಡಿದು ಬಾಗಿಲ ತನಕ ಹೋಗಿ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಅಪ್ಪ ತಡೆಯುತ್ತಿರಲಿಲ್ಲ. ತಾವೇ "ಬೆಳಕಿಗೆ ಹಿಡದ ನೋಡ್ರಿ ಅವ್ವಾರ" ಅನ್ನುತ್ತಿದ್ದರು. ಮುಖ್ಯವಾಗಿ ಕುಬಸದ ತುಂಡು ಹೊಂದಿಸುವಾಗ. ಟ್ಯೂಬ್‌ಲೈಟಿನ ಕೆಳಗೆ ಸೀರೆಗೂ ಕುಬಸಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಕಾಣುವುದಿಲ್ಲ. ಹೊರಗೆ ಬಂದರೆ ಒಂದು ಕೆಂಪು, ಇನ್ನೊಂದು ಕೆಂಗಂದು. ಎರಡಕ್ಕೂ ಹಾಕಿದ ಬಣ್ಣದ ಪುಡಿ ಬೇರೆ. ಒಂದು ಬೆಳಕಿನಲ್ಲಿ ಅವು ಒಂದೇ ಥರ ಕಾಣುತ್ತವೆ, ಇನ್ನೊಂದು ಬೆಳಕಿನಲ್ಲಿ ಬೇರೆಯಾಗುತ್ತವೆ. ಇದಕ್ಕೆ ಮೆಟಮೆರಿಸಂ ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. ಪರದೆ ಬಟ್ಟೆಗೂ ಗೋಡೆಗೂ ಬಣ್ಣ ಹೊಂದಿಸುವಾಗ ಇದು ತುಂಬಾ ಬರುತ್ತದೆ. ಅಂಗಡಿಯಲ್ಲೇ ಹೊಂದಿಸಿ ತರಬೇಡಿ. ಬಟ್ಟೆಯ ತುಂಡು ಮನೆಗೆ ತಂದು, ಹಗಲೊಮ್ಮೆ, ರಾತ್ರಿ ನಿಮ್ಮದೇ ಬಲ್ಬಿನ ಕೆಳಗೊಮ್ಮೆ ನೋಡಿ.

ಅಂಗಡಿಯಲ್ಲಿ ಕಲಿತ ಇನ್ನೊಂದು ವಿಷಯ, ಬಣ್ಣಕ್ಕೆ ಪಕ್ಕದ ಬಣ್ಣದ ಪ್ರಭಾವ. ಇದನ್ನು ಶಾಸ್ತ್ರವಾಗಿ ತೋರಿಸಿಕೊಟ್ಟದ್ದು ಶೆವ್ರೋಲ್ ಎಂಬ ಫ್ರಾನ್ಸಿನ ರಸಾಯನ ವಿಜ್ಞಾನಿ. ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಅದ್ದುವ ವಿಭಾಗ ಅವರ ಕೈಯಲ್ಲಿತ್ತು. ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ ಅಂತ ದೂರು ಬಂತು. ಪರೀಕ್ಷೆ ಮಾಡಿದರೆ ನೂಲಿನಲ್ಲಿ ಏನೂ ತೊಂದರೆ ಇಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ಬಣ್ಣಗಳಿಂದ ಆ ಕಪ್ಪು ಪೇಲವವಾಗಿ ಕಾಣುತ್ತಿತ್ತು. 1839ರಲ್ಲಿ ಅವರು ಇದನ್ನೆಲ್ಲ ಬರೆದು ಪ್ರಕಟಿಸಿದರು. ಬೆಟಗೇರಿಯ ನೇಕಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಸಿನಲ್ಲಿ ಒಂದು ಬಣ್ಣ, ಹೊಕ್ಕಿನಲ್ಲಿ ಇನ್ನೊಂದು ಬಣ್ಣ ಹಾಕಿ ಮೂರನೆಯದು ಬರಿಸುವವರು ಅವರು.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಅದೇ ಕೆನೆ ಬಣ್ಣದ ಹಲಗೆ ಫರಸಿಗೆ ತಾಗಿಸಿ ಇಟ್ಟರೆ ಹೆಚ್ಚು ಹಳದಿ ಕಾಣುತ್ತದೆ. ಸಾಗವಾನಿ ಚೌಕಟ್ಟಿಗೆ ತಾಗಿಸಿ ಇಟ್ಟರೆ ಹಳದಿ ಇಳಿದು ಒಂಚೂರು ಹಸಿರು ಹೊಡೆಯುತ್ತದೆ. ಹಾಗಾಗಿ ಸ್ಯಾಂಪಲ್ಲನ್ನು ಗೋಡೆಯ ನಡುಮಧ್ಯ ಹಚ್ಚಿ ದೂರ ನಿಂತು ನೋಡಿದರೆ ಸಾಲದು. ಎರಡು ಅಡಿ ಅಗಲದ ಹಲಗೆ ಅಥವಾ ದಪ್ಪ ಡ್ರಾಯಿಂಗ್ ಶೀಟಿಗೆ ಪ್ರೈಮರ್ ಹಚ್ಚಿ, ಮೇಲೆ ಎರಡು ಕೋಟ್ ಬಣ್ಣ ಹಚ್ಚಿಸಿ. ಅದನ್ನು ನೆಲಕ್ಕೆ ತಾಗಿಸಿ, ಬಾಗಿಲಿಗೆ ತಾಗಿಸಿ, ಸೋಫಾದ ಹಿಂದೆ, ಮೂಲೆಯಲ್ಲಿ, ಎಲ್ಲ ಕಡೆ ಇಟ್ಟು ನೋಡಿ. ಹಳೆಯ ಬಣ್ಣದ ಗೋಡೆಯ ಮೇಲೆ ನೇರವಾಗಿ ಹಚ್ಚಿದ ಸ್ಯಾಂಪಲ್ ನಂಬಬೇಡಿ. ಸುತ್ತಲಿನ ಹಳೆ ಬಣ್ಣ ಕಣ್ಣನ್ನು ಎಳೆಯುತ್ತಲೇ ಇರುತ್ತದೆ.

ಇನ್ನು ಬೆಳಕು. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆ ಹೆಚ್ಚಿನವು ನಮ್ಮ ಊರಿನದ್ದಲ್ಲ. ಉತ್ತರಕ್ಕೆ ಕಿಟಕಿ ಇರುವ ಕೋಣೆಗೆ ವರ್ಷಪೂರ್ತಿ ನೇರ ಬಿಸಿಲು ಬರುವುದಿಲ್ಲ, ತಂಪು ನೀಲಿ ಬೆಳಕು ಮಾತ್ರ ಅಂತ ಬರೆದಿರುತ್ತಾರೆ. ಲಂಡನ್ನಿಗೆ, ಬೇಸಿಗೆಯ ನಸುಕು ಮತ್ತು ಸಂಜೆ ಬಿಟ್ಟರೆ, ಅದು ಹೆಚ್ಚುಕಮ್ಮಿ ಸರಿ. ಧಾರವಾಡ ಇರುವುದು ಸುಮಾರು ಹದಿನೈದೂವರೆ ಡಿಗ್ರಿ ಅಕ್ಷಾಂಶದಲ್ಲಿ. ಮೇ ತಿಂಗಳ ಶುರುವಿನಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ. ವಾಪಸ್ ನೆತ್ತಿಗೆ ಬರುವುದು ಆಗಸ್ಟ್ 10ರ ಸುಮಾರಿಗೆ. ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಅಂತ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಮಕ್ಕಳು ಕಂಬ ನೆಟ್ಟು ನೋಡುತ್ತಾರಲ್ಲ, ಅದೇ ಲೆಕ್ಕ. ಅಂದರೆ ಬೇಸಿಗೆಯಲ್ಲಿ ನಮ್ಮ ಉತ್ತರದ ಪಡಸಾಲೆಗೂ ಬೆಳಿಗ್ಗೆ ಮತ್ತು ಸಂಜೆ ಓರೆ ಬಿಸಿಲು ಬರುತ್ತದೆ. ಚಳಿಗಾಲದಲ್ಲಿ ಬರುವುದೇ ಇಲ್ಲ.

ಅದಕ್ಕಿಂತ ದೊಡ್ಡದು ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಷ್ಟೋ ದಿನ ಸೂರ್ಯನ ಮುಖ ಕಾಣುವುದಿಲ್ಲ. ಆದರೆ ಬಣ್ಣ ಹಚ್ಚಿಸುವುದು ಯಾವಾಗ? ಮಳೆ ನಿಂತ ಮೇಲೆ, ದಸರೆ ದೀಪಾವಳಿ ಮುಂದೆ. ಇಲ್ಲವೇ ಏಪ್ರಿಲ್‌ನಲ್ಲಿ, ಮದುವೆ ಮುಂದೆ. ಎರಡೂ ಒಳ್ಳೆ ಬಿಸಿಲಿನ ಕಾಲ. ಆ ಬಿಸಿಲಿನಲ್ಲಿ ಆರಿಸಿದ ಬಣ್ಣ ಜುಲೈ ಮಧ್ಯಾಹ್ನದಲ್ಲಿ ಹೇಗೆ ಕಾಣುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ನಾನು ಹಲಗೆಗಳನ್ನು ಮಳೆಗಾಲದಲ್ಲೇ ಮಾಡಿಸಿ ಇಟ್ಟುಕೊಂಡೆ. ಆರಿಸಿದ್ದು ಮೋಡದ ಬೆಳಕಿನಲ್ಲಿ, ಹಚ್ಚಿಸಿದ್ದು ಮಳೆ ನಿಂತು ಗೋಡೆ ಒಣಗಿದ ಮೇಲೆ. ಮಲೆನಾಡಿನ ಅಂಚಿನ ಊರುಗಳಲ್ಲಿ ಇರುವವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಮೋಡದ ದಿನ ಚಂದ ಕಂಡ ಬಣ್ಣ ಬಿಸಿಲಿನಲ್ಲೂ ಚಂದ ಕಾಣುತ್ತದೆ. ಬಿಸಿಲಿನಲ್ಲಿ ಮಾತ್ರ ನೋಡಿ ಆರಿಸಿದ್ದಕ್ಕೆ ಆ ಭರವಸೆ ಇಲ್ಲ.

ನಮ್ಮ ನಡುಮನೆಗೆ ಕಿಟಕಿಯೇ ಇಲ್ಲ. ಹಂಚಿನ ನಡುವೆ ಎರಡು ಗಾಜಿನ ಹಂಚು, ಅಷ್ಟೇ. "ಕತ್ತಲೆ ಕೋಣೆ, ಬಿಳಿ ಹಚ್ಚಿಸಿಬಿಡಿ" ಅಂತ ಎಲ್ಲರೂ ಹೇಳಿದರು. ಬಿಳಿ ಬಣ್ಣ ತಾನಾಗಿ ಬೆಳಕು ಕೊಡುವುದಿಲ್ಲ, ಬಂದ ಬೆಳಕನ್ನು ವಾಪಸ್ ಕೊಡುತ್ತದೆ. ಬೆಳಕೇ ಕಡಿಮೆ ಇದ್ದಾಗ ಅದು ಮಾಸಿದ ಹಾಗೆ ಕಾಣುತ್ತದೆ. ಮಗನಿಗೆ ಅಲ್ಲಿ ಇಟ್ಟಿಗೆ ಕೆಂಪು ಬೇಕಿತ್ತು. ಕೆಂಪಿಗೆ ಬೇರೆ ತೊಂದರೆ. ಬೆಳಕು ಕಡಿಮೆಯಾಗುತ್ತಾ ಹೋದಂತೆ ನಮ್ಮ ಕಣ್ಣು ಕೆಂಪನ್ನು ಮೊದಲು ಬಿಡುತ್ತದೆ, ನೀಲಿ ಹಸಿರನ್ನು ಕೊನೆಗೆ ಬಿಡುತ್ತದೆ. ಮುಸ್ಸಂಜೆಯಲ್ಲಿ ತೋಟದ ಕೆಂಪು ದಾಸವಾಳ ಕಪ್ಪಾಗಿ, ಎಲೆ ಮಾತ್ರ ಇನ್ನೂ ತಿಳಿಯಾಗಿ ಕಾಣುವುದನ್ನು ನೀವೂ ನೋಡಿರಬಹುದು. ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗುರುತಿಸಿದ್ದರಿಂದ ಅವರ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಹಾಗಾಗಿ ನಡುಮನೆಗೆ ಕೆಂಪೂ ಬೇಡ, ಬಿಳಿಯೂ ಬೇಡ ಅಂತ ಹಳದಿ ಮಣ್ಣಿನ ಬಣ್ಣ ಹಚ್ಚಿಸಿದೆವು. ತಿಳಿಯೂ ಅಲ್ಲ, ಗಾಢವೂ ಅಲ್ಲ. ಗಾಜಿನ ಹಂಚಿನಿಂದ ಬೀಳುವ ಬೆಳಕಿಗೆ ಅದು ಒಳ್ಳೆ ಮೈ ಕೊಟ್ಟಿದೆ.

ಮಗನ ಕೆಂಪನ್ನು ಕೈಬಿಡಲಿಲ್ಲ. ಅದು ಪಡಸಾಲೆಗೆ ಬಂತು, ಬೇರೆ ರೂಪದಲ್ಲಿ. ನಮ್ಮ ಕಡೆ ಹಳ್ಳಿಯ ಮನೆಗಳಲ್ಲಿ ಗೋಡೆಗೆ ಸುಣ್ಣ, ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿ ಇರುತ್ತಿತ್ತು. ಕಸಬರಿಗೆ ತಾಗುವುದು ಅಲ್ಲಿ, ನೆಲ ಒರೆಸಿದ ನೀರು ಸಿಡಿಯುವುದು ಅಲ್ಲಿ, ಮಕ್ಕಳ ಕಾಲು ಒದೆಯುವುದೂ ಅಲ್ಲಿ. ಕೊಳೆ ಕಾಣದ ಬಣ್ಣ ಬುಡಕ್ಕೆ, ಬೆಳಕು ಕೊಡುವ ಬಣ್ಣ ಮೇಲಕ್ಕೆ. ಇಷ್ಟು ಬುದ್ಧಿವಂತಿಕೆಯ ಬಣ್ಣದ ಯೋಜನೆ ನಾನು ಯಾವ ಮ್ಯಾಗಜೀನಿನಲ್ಲೂ ನೋಡಿಲ್ಲ. ನಮ್ಮ ಪಡಸಾಲೆಯಲ್ಲಿ ಕೆನೆ ಬಣ್ಣದ ಕೆಳಗೆ ಒಂದು ಅಡಿ ಎತ್ತರ ಕೆಮ್ಮಣ್ಣಿನ ಬಣ್ಣದ ಪಟ್ಟಿ ಇದೆ. ಪೇಂಟರಿಗೆ ಮೊದಲು ಮನಸ್ಸಿರಲಿಲ್ಲ. "ಅಕ್ಕಾರ, ಹಳ್ಳಿ ಮನಿ ಹಂಗ ಕಾಣತೈತ್ರಿ" ಅಂದರು. "ಹಂಗ ಕಾಣ್ಲಿ ಅಂತನ ಹಚ್ಚಸಾಕತ್ತೇನಿ" ಅಂದೆ. ಆಮೇಲೆ ದಾರ ಹಿಡಿದು ಗೆರೆ ಹೊಡೆದು ಅಷ್ಟು ನೀಟಾಗಿ ಹಚ್ಚಿಕೊಟ್ಟರು.

ಸುಣ್ಣದ ಮಾತು ಬಂತಲ್ಲ. ಈ ಮನೆಗೆ ಮೊದಲು ಸುಣ್ಣವೇ ಇತ್ತು. ಅದಕ್ಕೆ ಒಂದಿಷ್ಟು ನೀಲಿ ಬೆರೆಸುತ್ತಿದ್ದರು, ಹಳದಿ ಅಂಶ ಮರೆಯಾಗಿ ಬೆಳ್ಳಗೆ ಕಾಣಲಿ ಅಂತ. ಸುಣ್ಣ ಹಸಿ ಇದ್ದಾಗ ಗೋಡೆ ಮಬ್ಬಾಗಿರುತ್ತದೆ, ಒಣಗಿದಂತೆ ಬೆಳ್ಳಗಾಗುತ್ತದೆ. ಈಗ ಗೋಡೆಗೆ ಹಚ್ಚುವ ಎಮಲ್ಷನ್ ಬಣ್ಣ ಇದಕ್ಕೆ ಉಲ್ಟಾ. ಹಸಿ ಇದ್ದಾಗ ತಿಳಿ, ಒಣಗಿದ ಮೇಲೆ ಒಂದು ಹೆಜ್ಜೆ ಗಾಢ. ಇದು ಗೊತ್ತಿಲ್ಲದೆ ಮೊದಲ ಕೋಟ್ ಹಚ್ಚುವಾಗಲೇ ಗಾಬರಿಯಾಗಿ ಬಣ್ಣ ಬದಲಿಸಿದವರನ್ನು ನೋಡಿದ್ದೇನೆ. ಒಂದು ರಾತ್ರಿ ಒಣಗಲು ಬಿಡಬೇಕು. ಇನ್ನೊಂದು ವಿಷಯ ಹೇಳಲೇಬೇಕು. ಸುಣ್ಣ ಬರುವುದು ಸುಣ್ಣದ ಕಲ್ಲು ಸುಟ್ಟು. ಗೋಡೆಗೆ ಹಚ್ಚಿದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಅದು ಮತ್ತೆ ಕಲ್ಲಿನ ಗುಣಕ್ಕೇ ಬರುತ್ತದೆ. ನಮ್ಮ ಫರಸಿಯೂ ಅದೇ ಜಾತಿಯ ಕಲ್ಲು. ಹಳೆಯ ಮನೆಗಳಲ್ಲಿ ನೆಲಕ್ಕೂ ಗೋಡೆಗೂ ಹೀಗೊಂದು ನಂಟಿತ್ತು ಅಂತ ತಿಳಿದಾಗ ನನಗೆ ತುಂಬಾ ಖುಷಿಯಾಯಿತು. ಸುಣ್ಣದ ಮೇಲೆ ಎಮಲ್ಷನ್ ಹಚ್ಚುವುದಾದರೆ ಹಳೆಯ ಸುಣ್ಣವನ್ನು ಪೂರ್ತಿ ಕೆರೆಸಿ ಪ್ರೈಮರ್ ಹಚ್ಚಿಸಿ. ಇಲ್ಲದಿದ್ದರೆ ಪುಡಿಯ ಮೇಲೆ ಬಣ್ಣ ನಿಲ್ಲುವುದಿಲ್ಲ, ಹೊಪ್ಪಳೆ ಏಳುತ್ತದೆ.

ಅತ್ತೆಯವರ ಕೋಣೆಗೆ ನಾನು ಎಲ್ಲಕ್ಕಿಂತ ಹೆಚ್ಚು ಯೋಚನೆ ಮಾಡಿದ್ದು. ಅವರಿಗೆ ಎಂಬತ್ತು ದಾಟಿದೆ. ಒಂದು ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರು ಒಂದೊಂದೇ ಕಣ್ಣು ಮುಚ್ಚಿ ಗೋಡೆ ನೋಡುತ್ತಿದ್ದರು. "ಈ ಕಣ್ಣಿಗೆ ಗ್ವಾಡಿ ಅರಿಷಿಣ, ಈ ಕಣ್ಣಿಗೆ ಬೆಳ್ಳಗ" ಅನ್ನುತ್ತಿದ್ದರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಬೆಳಕನ್ನು ಒಳಗೆ ಬಿಡುವುದು ಕಡಿಮೆಯಾಗುತ್ತದೆ. ಪೊರೆ ತೆಗೆದ ಕಣ್ಣಿಗೆ ಬಿಳಿ ಮತ್ತೆ ಬಿಳಿಯಾಗಿ, ಕೆಲವರಿಗೆ ನೀಲಿಯಾಗಿಯೂ ಕಾಣುತ್ತದೆ. ನಾವು "ಎಷ್ಟು ನಾಜೂಕಾದ ಶೇಡ್" ಅಂತ ಮೆಚ್ಚುವ ವ್ಯತ್ಯಾಸಗಳು ವಯಸ್ಸಾದವರ ಕಣ್ಣಿಗೆ ತಲುಪುವುದೇ ಇಲ್ಲ. ಕೆನೆಗೂ ಬಿಳಿಗೂ ಅಂತರ ಇಲ್ಲ, ಕಡು ನೀಲಿಗೂ ಕಪ್ಪಿಗೂ ಅಂತರ ಇಲ್ಲ. ಅವರಿಗೆ ಬೇಕಾದದ್ದು ತಿಳಿಗೂ ಗಾಢಕ್ಕೂ ಇರುವ ಸ್ಪಷ್ಟ ಅಂತರ.

ಹಾಗಾಗಿ ಆ ಕೋಣೆಯಲ್ಲಿ ಬಚ್ಚಲಿಗೆ ಇಳಿಯುವ ಮೆಟ್ಟಿಲಿನ ಅಂಚಿಗೆ ದಪ್ಪ ಹಳದಿ ಗೆರೆ ಹಾಕಿಸಿದೆ, ಬೂದು ಫರಸಿಯ ಮೇಲೆ ಎದ್ದು ಕಾಣುವ ಹಾಗೆ. ಬಿಳಿ ಸ್ವಿಚ್ ಬೋರ್ಡಿನ ಸುತ್ತ ಗೋಡೆಗೆ ಗಾಢ ಬಣ್ಣದ ಚೌಕ. ಬಚ್ಚಲ ಬಾಗಿಲಿನ ಚೌಕಟ್ಟಿಗೆ ಕಂದು. ಬಣ್ಣ ಮಾತ್ರ ಅವರನ್ನೇ ಕೇಳಿದೆ. "ಹಸರ ಇರ್ಲಿ" ಅಂದರು. ಆ ಹಸಿರನ್ನು ಮಂಚದ ತಲೆಯ ಕಡೆ ಹಚ್ಚಿಸಲಿಲ್ಲ. ಫೋಟೋಗಳಲ್ಲೆಲ್ಲ ಬಣ್ಣದ ಗೋಡೆ ಮಂಚದ ಹಿಂದೆಯೇ ಇರುತ್ತದೆ, ಯಾಕೆಂದರೆ ಫೋಟೋ ತೆಗೆಯುವವರು ಬಾಗಿಲಲ್ಲಿ ನಿಂತಿರುತ್ತಾರೆ. ಮಲಗಿದವರಿಗೆ ಕಾಣುವುದು ಎದುರಿನ ಗೋಡೆ. ಅತ್ತೆಯವರು ದಿನದ ಬಹಳ ಹೊತ್ತು ಮಲಗಿಯೇ ಇರುತ್ತಾರೆ. ಹಸಿರು ಅವರ ಎದುರಿಗಿದೆ.

ಎಷ್ಟು ಬಣ್ಣ ಬಳಸಬೇಕು ಅನ್ನುವುದಕ್ಕೆ 60-30-10 ಅಂತ ಒಂದು ಲೆಕ್ಕ ಇದೆ. ಮುಖ್ಯ ಬಣ್ಣ ನೂರಕ್ಕೆ ಅರವತ್ತು ಪಾಲು, ಜೊತೆಯದು ಮೂವತ್ತು, ಎದ್ದು ಕಾಣುವುದು ಹತ್ತು. ಇಳಕಲ್ ಸೀರೆ ಉಟ್ಟವರಿಗೆ ಇದು ಹೊಸದಲ್ಲ. ಗಾಢ ಬಣ್ಣದ ಒಡಲು, ಅಂಚು, ಆಮೇಲೆ ಆ ಕೆಂಪು ತೋಪ ತೆನಿ ಸೆರಗು. ಸೆರಗಿನ ಕೆಂಪು ಒಡಲಿಗೂ ಬಂದರೆ ಸೆರಗು ಎದ್ದು ಕಾಣುವುದಿಲ್ಲ. ಆದರೆ ಮನೆಯ ವಿಷಯದಲ್ಲಿ ಈ ಲೆಕ್ಕ ಹಾಕುವವರು ಒಂದನ್ನು ಮರೆಯುತ್ತಾರೆ. ನೆಲ ಮತ್ತು ಮರ ಆಗಲೇ ತಮ್ಮ ಪಾಲು ತೆಗೆದುಕೊಂಡಾಗಿದೆ. ನಮ್ಮ ಪಡಸಾಲೆಯಲ್ಲಿ ಫರಸಿಯ ಬೂದು, ಸಾಗವಾನಿಯ ಕಂದು ಸೇರಿ ಆ ಮೂವತ್ತು ಮುಗಿದಿತ್ತು. ಉಳಿದದ್ದು ಗೋಡೆಯ ಕೆನೆ ಮತ್ತು ಕೆಮ್ಮಣ್ಣಿನ ಪಟ್ಟಿ. ಅಲ್ಲಿಗೆ ಸಾಕು. ನೆಲ, ಮರ ಲೆಕ್ಕಕ್ಕೆ ಹಿಡಿಯದೆ ಗೋಡೆಗೇ ಮೂರು ಬಣ್ಣ ತಂದಿದ್ದರೆ ಒಟ್ಟು ಐದಾಗುತ್ತಿತ್ತು.

ಕೆಲಸಕ್ಕೆ ಬರುವ ಇನ್ನು ಕೆಲವು ಮಾತು. ಕಂಪನಿಗಳ ವೆಬ್‌ಸೈಟಿನಲ್ಲಿ ಎಷ್ಟೋ ಶೇಡಿನ ಪಕ್ಕ ಎಲ್‌ಆರ್‌ವಿ ಅಂತ ಸಂಖ್ಯೆ ಕೊಟ್ಟಿರುತ್ತಾರೆ. ಬೆಳಕನ್ನು ಎಷ್ಟು ವಾಪಸ್ ಕೊಡುತ್ತದೆ ಅನ್ನುವ ಅಳತೆ. ಕಪ್ಪಿಗೆ 0, ಬಿಳಿಗೆ 100. ಎರಡು ಶೇಡಿನ ನಡುವೆ ಒದ್ದಾಡುವಾಗ ಇದು ಉಪಯೋಗಕ್ಕೆ ಬರುತ್ತದೆ. ನಾಲ್ಕೂ ಗೋಡೆಗೆ ಒಂದೇ ಬಣ್ಣ ಹಚ್ಚುವುದಾದರೆ ಕಾರ್ಡಿನಲ್ಲಿ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯದು ತೆಗೆದುಕೊಳ್ಳಿ. ಗೋಡೆಗಳು ಒಂದರ ಬಣ್ಣ ಇನ್ನೊಂದರ ಮೇಲೆ ಚೆಲ್ಲಿ ಎಲ್ಲವನ್ನೂ ಗಾಢ ಮಾಡುತ್ತವೆ. ಹಳೆಯ, ಉಬ್ಬುತಗ್ಗಿನ ಗೋಡೆಗೆ ಮ್ಯಾಟ್ ಫಿನಿಶ್ ಒಳ್ಳೆಯದು. ಹೊಳಪಿನ ಬಣ್ಣ ಪ್ರತಿ ಉಬ್ಬನ್ನೂ ತೋರಿಸುತ್ತದೆ. ಒಗ್ಗರಣೆ ಸಿಡಿಯುವ ಅಡಿಗೆಮನೆಗೆ ಮಾತ್ರ ಒರೆಸಲು ಬರುವಂಥ ಸ್ವಲ್ಪ ಹೊಳಪು ಇರಲಿ.

ಬಲ್ಬನ್ನು ಬಣ್ಣಕ್ಕಿಂತ ಮೊದಲು ತನ್ನಿ. ಡಬ್ಬಿಯ ಮೇಲೆ 3000 ಕೆಲ್ವಿನ್ ಅಂತ ಇದ್ದರೆ ಹಳದಿ ಬೆಳಕು, 6500 ಅಂತ ಇದ್ದರೆ ನೀಲಿ ಛಾಯೆಯ ಬಿಳಿ. ನಮ್ಮ ಕೆನೆ ಬಣ್ಣ 6500ರ ಕೆಳಗೆ ಪೂರ್ತಿ ಸತ್ತುಹೋಗುತ್ತಿತ್ತು. ಪಡಸಾಲೆಗೆ 3000, ಅಡಿಗೆಮನೆಗೂ ಮಕ್ಕಳು ಓದುವ ಜಾಗಕ್ಕೂ 4000 ಹಾಕಿಸಿದ್ದೇವೆ. ಸಿಆರ್‌ಐ ಅಂದರೆ ಬಲ್ಬಿನ ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ. ಅದು 90ರ ಮೇಲೆ ಇರುವ ಬಲ್ಬ್ ಸಿಕ್ಕರೆ ಬಿಡಬೇಡಿ. ಅದರ ಕೆಳಗೆ ಸೀರೆಯ ಬಣ್ಣವೂ ಸರಿಯಾಗಿ ಕಾಣುತ್ತದೆ.

ಹಿತ್ತಲ ಕಡೆಯ ಗೋಡೆಗೆ ಮಾತ್ರ ಇನ್ನೂ ಬಣ್ಣ ಆಗಿಲ್ಲ. ಅದು ಪಶ್ಚಿಮದ ಗೋಡೆ, ಮಳೆಯ ಹೊಡೆತ ಪೂರ್ತಿ ಅದರ ಮೇಲೆ. ಒಳಗಡೆ ಬಿಳಿ ಪುಡಿ ಎದ್ದಿದೆ. ಗೋಡೆಯೊಳಗಿನ ನೀರು ಹೊರಗೆ ಬರುವಾಗ ಉಪ್ಪನ್ನು ಜೊತೆಗೆ ತಂದು ಅಲ್ಲೇ ಬಿಟ್ಟು ಆರಿಹೋಗುತ್ತದೆ. ಅದರ ಮೇಲೆ ಯಾವ ದುಬಾರಿ ಬಣ್ಣ ಹಚ್ಚಿದರೂ ಗುಳ್ಳೆ ಏಳುತ್ತದೆ. ಹೊರಗಿನ ಬಿರುಕು ಮುಚ್ಚಿಸಿದ್ದೇವೆ. ಒಂದು ಬೇಸಿಗೆ ಪೂರ್ತಿ ಒಣಗಲಿ, ಆಮೇಲೆ ಆ ಗೋಡೆಗೆ ಎಮಲ್ಷನ್ ಬಿಟ್ಟು ಸುಣ್ಣವನ್ನೇ ಹಚ್ಚಿಸಬೇಕು ಅಂತಿದ್ದೇನೆ. ಸುಣ್ಣ ಗೋಡೆಯ ತೇವವನ್ನು ಒಳಗೆ ಕಟ್ಟಿಹಾಕುವುದಿಲ್ಲ. ಹದವಾಗಿ ಸುಣ್ಣ ಕಲಸಿ ಹಚ್ಚುವವರು ಧಾರವಾಡ ಹುಬ್ಬಳ್ಳಿ ಕಡೆ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.